ರಸ್ತೆಯ ಮೇಲಿನ ಹುರುಳಿ

ತೆರಕಣಾಂಬಿ
೧೭-೧೧-೨೦೨೪

ಚಿ. ಸೌ. ಶಿವರಂಜಿನಿಗೆ ನಿನ್ನ ಅವ್ವನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ನನ್ನ ಬಲಗಾಲೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕ್ಷೇಮವೇ. ಮನೆಯಲ್ಲಿ ಫೋನಿಟ್ಟುಕೊಂಡು ಈ ಮುದುಕಿ ಕಾಗದ ಯಾಕೆ ಬರೆದಳು ಎಂದು ನಗಬೇಡ ರಂಜು. ನೀನು ಫೋನನ್ನು ಸ್ಪೀಕರಿಗೆ ಹಾಕಿ ಒಲೆ ಪಕ್ಕ ಇಟ್ಟು ಮುದ್ದೆ ಕಟ್ಟುವವಳು. ನಾನು ಆಡಿದ ಮಾತು ನಿನ್ನ ಕಿವಿಗಿಂತ ಮೊದಲು ನಿಮ್ಮ ಹಜಾರಕ್ಕೆ ಮುಟ್ಟುತ್ತದೆ. ಹೋದ ಸಲ ನಿಮ್ಮತ್ತೆಯ ಮಂಡಿನೋವಿನ ಬಗ್ಗೆ ನಾನೇನೋ ಅಂದು, ಆ ಕಡೆಯಿಂದ ಅವರೇ ಉತ್ತರ ಕೊಟ್ಟರಲ್ಲ, ಆವತ್ತಿನಿಂದ ನನಗೆ ಫೋನೆಂದರೆ ಹೆದರಿಕೆ. ಅದಕ್ಕೇ ಇದನ್ನು ನಿನ್ನ ಹೊಸ ಬ್ಲೌಸಿನ ಒಳಗೆ ಮಡಿಸಿ ನಿನ್ನಪ್ಪನ ಕೈಯಲ್ಲಿ ಕಳಿಸುತ್ತೇನೆ. ಬ್ಲೌಸಿನ ಬಟ್ಟೆ ಕತ್ತರಿಸಿದ್ದು ನಾನು, ಮಿಷನ್ನು ತುಳಿದದ್ದು ಪಕ್ಕದ ಮನೆ ದೊಡ್ಡಮಾದಮ್ಮ. ತೋಳು ಬಿಗಿಯಾದರೆ ಅವಳನ್ನು ಬೈಯಿ.

ವಿಷಯ ಇಷ್ಟು. ಬರುವ ಬುಧವಾರ ಚಾಮರಾಜನಗರದ ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕೇಳುವವರು ಆ ಸ್ಕೂಟರಿನ ಇನ್ಶೂರೆನ್ಸ್ ಕಂಪನಿಯ ವಕೀಲರು. ನನಗೆ ಪರಿಹಾರ ಸಿಗುವುದೂ ಸಿಗದಿರುವುದೂ ಆವತ್ತು ನಾನು ಏನು ಹೇಳುತ್ತೇನೆ ಅನ್ನುವುದರ ಮೇಲೆ ಇದೆ ಎಂದು ನಮ್ಮ ವಕೀಲ ಶಿವಶಂಕರ ಅವರು ಹೇಳಿದ್ದಾರೆ. ಏನು ಹೇಳಲಿ ಎಂದು ನಿನ್ನನ್ನು ಕೇಳಬೇಕು. ಬೇರೆ ಯಾರನ್ನು ಕೇಳಿದರೂ ಅವರವರ ಮೂಗಿನ ನೇರಕ್ಕೆ ಹೇಳುತ್ತಾರೆ.

ಸಂಕ್ರಾಂತಿಯ ಮಾರನೆಯ ದಿನ ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು ನಾನು ಬೇಗೂರಿನಲ್ಲಿ ಬಸ್ಸಿಳಿದೆ. ಅಲ್ಲಿಂದ ನಿಮ್ಮೂರ ರಸ್ತೆ ಹಿಡಿದು ನಡೆದು ಬಂದೆ. ಇಷ್ಟು ಕೋರ್ಟಿಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮನೆಯ ಮುಂದೆ ಟಾರಿನ ಅರ್ಧಕ್ಕೆ ಹುರುಳಿ ಗಿಡ ಹರಡಿತ್ತು. ಅದು ನಿನಗೂ ಗೊತ್ತು, ನನಗೂ ಗೊತ್ತು, ಕೋರ್ಟಿಗೆ ಗೊತ್ತಿಲ್ಲ. ಈಗ ಸಗಣಿ ಸಾರಿಸಿ ಕಣ ಮಾಡುವವರು ಯಾರಿದ್ದಾರೆ? ರೋಣಗಲ್ಲು ಎಳೆಯುವ ಎತ್ತು ಯಾರ ಮನೆಯಲ್ಲಿದೆ? ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದು ಕೊಡುತ್ತವೆ, ನಾವು ಕಾಳು ಬಾಚಿಕೊಳ್ಳುತ್ತೇವೆ. ನಮ್ಮ ಕಡೆ ಇದನ್ನು ತಪ್ಪು ಎಂದವರನ್ನು ನಾನು ಕಂಡಿಲ್ಲ. ನಾನೂ ಚಿಕ್ಕವಳಿದ್ದಾಗ ಹಾಗೆ ಹರಡಿದ ಹುರುಳಿಯ ಮೇಲೆ ಬೇಕೆಂದೇ ಕಾಲು ಹಾಕಿ ಚರಚರ ಸದ್ದು ಮಾಡಿಕೊಂಡು ಸ್ಕೂಲಿಗೆ ಹೋಗಿದ್ದೇನೆ.

ಆದರೆ ಆವತ್ತು ನಾನು ಹುರುಳಿ ತುಳಿಯಲಿಲ್ಲ. ಹೊಸ ಸೀರೆಗೆ ಧೂಳು ಹತ್ತುತ್ತದೆಂದು ಅಂಚಿನ ಮಣ್ಣಿನ ಮೇಲೇ ನಡೆಯುತ್ತಿದ್ದೆ. ಹಿಂದಿನಿಂದ ಸ್ಕೂಟರು ಬಂತು, ಹುರುಳಿಯ ಮೇಲೆ ಜಾರಿತು, ಬಂದು ನನ್ನ ಕಾಲಿಗೆ ಬಡಿಯಿತು. ಮಂಡಿಯ ಕೆಳಗೆ ಮೂಳೆ ಮುರಿದದ್ದು ನನಗೇ ಕೇಳಿಸಿತು. ಎಳ್ಳುಬೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಈಗ ಗೋಜಲು ನೋಡು. ಪೊಲೀಸರು ಬಂದು ಸ್ಥಳ ನೋಡಿ ಬರೆದುಕೊಂಡ ಕಾಗದದಲ್ಲಿ ರಸ್ತೆ ಸ್ವಚ್ಛವಾಗಿತ್ತು ಎಂದಿದೆ. ಸ್ಕೂಟರಿನ ಹುಡುಗ ಸುನೀಲ್ ಕುಮಾರ್, ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿರುವವನು, ರಸ್ತೆಯ ತುಂಬ ಹುರುಳಿ ಇತ್ತು ಎಂದು ಬರೆದುಕೊಟ್ಟಿದ್ದಾನೆ. ನನ್ನ ಅರ್ಜಿಯಲ್ಲಿ ಹುರುಳಿಯ ಸುದ್ದಿಯೇ ಇಲ್ಲ. ಬರೆಸುವಾಗ ನಾನೇ ಹೇಳಿರಲಿಲ್ಲ. ಈಗ ಶಿವಶಂಕರ ಅವರು ಮೂರೂ ಕಾಗದ ಮುಂದಿಟ್ಟುಕೊಂಡು, "ಏನಮ್ಮ ಇದು, ಹುರುಳಿ ಇತ್ತೋ ಇಲ್ವೋ?" ಎಂದು ಕೇಳಿದರು. ನಾನು ನೀರು ಕೇಳಿದೆ. ನೀರು ಕುಡಿದ ಮೇಲೂ ಅವರು ಮರೆಯಲಿಲ್ಲ.

ಅವರು ಹೇಳುವುದು ಹೀಗೆ. "ಇದ್ದುದ್ದ ಇದ್ದಂಗೇ ಹೇಳಿ. ಹುರುಳಿ ಕಾಣ್ತಿದ್ರೂ ಅವನು ಜೋರಾಗಿ ಬಂದ, ಜಾರಿದ, ಅಂಚಲ್ಲಿದ್ದ ನಿಮಗೆ ಹೊಡೆದ ಅಂದ್ರೆ ನಿಮ್ಮ ಮಾತು ನಿಲ್ಲುತ್ತೆ. ಹುರುಳಿ ಇರ್ಲಿಲ್ಲ ಅಂದ್ರೆ, ಒಣಗಿದ ನೆಟ್ಟಗಿನ ರಸ್ತೆಲಿ ಗಾಡಿ ಯಾಕೆ ಅಂಚಿಗೆ ಬರುತ್ತೆ, ನೀವೇ ಅಡ್ಡ ನುಗ್ಗಿದ್ರಿ ಅಂತಾರೆ." ಸರಿ, ಇತ್ತು ಅನ್ನೋಣ ಎಂದುಕೊಂಡೆ. ಆಗ ಅವರು, ಯಾರ ಹುರುಳಿ ಎಂದು ಕೇಳೇ ಕೇಳುತ್ತಾರೆ, ಹೆಸರು ಹೇಳಬೇಕಾಗುತ್ತದೆ, ಹರಡಿದವರನ್ನೂ ಕೇಸಿಗೆ ಸೇರಿಸಿ ಎಂದು ಕಂಪನಿಯವರು ಹಟ ಹಿಡಿಯಬಹುದು ಎಂದರು. ಆ ಮನೆ ನನ್ನ ಮಗಳನ್ನು ಕೊಟ್ಟ ಮನೆ ಎಂದು ಅವರಿಗೆ ನಾನಿನ್ನೂ ಹೇಳಿಲ್ಲ ರಂಜು. ಹೇಳುವುದಕ್ಕೆ ಬಾಯಿ ತೆರೆದೆ, ಕೆಮ್ಮು ಬಂತು.

ನಿಮ್ಮ ಮಾವನವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಆವತ್ತು ನನ್ನನ್ನು ತೋಳಿನಲ್ಲಿ ಎತ್ತಿ ಟೆಂಪೋದಲ್ಲಿ ಮಲಗಿಸಿ ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದೊಯ್ದದ್ದು ವೃಷಭೇಂದ್ರಪ್ಪನವರೇ. ದಾರಿಯುದ್ದಕ್ಕೂ ನನ್ನ ತಲೆ ಅಲ್ಲಾಡದಂತೆ ಹಿಡಿದುಕೊಂಡಿದ್ದರು. ಹೋದ ತಿಂಗಳು ಬಂದಿದ್ದಾಗ ಬಾಳೆಗೊನೆ ಇಳಿಸಿ, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. "ಬೀಗ್ರೇ, ಊರೆಲ್ಲ ರಸ್ತೆ ಮ್ಯಾಲೇ ಆಕದು. ಅಂತದ್ರಲ್ಲಿ ನಮ್ದೊಂದೇ ಎಸ್ರು ಕೋರ್ಟಲ್ಲಿ ಬಂದ್ರೆ ತಲೆ ಎತ್ಕಂಡು ತಿರುಗಾಡದೆಂಗೆ? ನಿಮ್ ಮಗ್ಳು ಇರ ಮನೆ ಅದು." ಜೋರು ಮಾಡಲಿಲ್ಲ, ಬೆದರಿಸಲೂ ಇಲ್ಲ. ಕೊನೆಯ ಮಾತನ್ನು ಅವರು ಮೆತ್ತಗೆ ಹೇಳಿದ್ದಕ್ಕೇ ನನಗೆ ಅವತ್ತು ಊಟ ಸೇರಲಿಲ್ಲ.

ನಿನ್ನಪ್ಪನನ್ನು ಕೇಳಿದರೆ, "ಬುಡಮ್ಮಿ, ಕಾಲು ಓದ್ರೆ ಓಯ್ತು, ಮಗ್ಳು ಸಂಸಾರ ನೆಟ್ಟಗಿರ್ಲಿ" ಎಂದರು. ಕಾಲು ಅವರದಾಗಿದ್ದರೆ ಹೀಗನ್ನುತ್ತಿದ್ದರೋ ಇಲ್ಲವೋ ಕಾಣೆ. ಈ ಕಾಲು ಮಿಷನ್ನಿನ ಪೆಡಲ್ಲು ತುಳಿದ ಕಾಲು. ನಿನ್ನ ಓದು, ನಿನ್ನ ಮದುವೆ, ಇವರ ಬೀಡಿ ಎಲ್ಲವೂ ಇದರಿಂದಲೇ ಆದದ್ದು. ಈಗ ಹತ್ತು ಸಲ ತುಳಿದರೆ ಹಿಮ್ಮಡಿಯಿಂದ ಸೊಂಟದವರೆಗೆ ಸೆಳೆತ ಬರುತ್ತದೆ. ಮಿಷನ್ನಿಗೆ ಮೋಟರು ಹಾಕಿಸಿಕೊಳ್ಳಬಹುದಲ್ಲ ಎಂದು ಕಂಪನಿಯವರು ಕೇಳುತ್ತಾರಂತೆ. ಮೋಟರು ಹಾಕಿಸಿದರೂ ಅದನ್ನು ಒತ್ತುವುದು ಕಾಲಿನಲ್ಲೇ ಎಂದು ಅವರಿಗೆ ಯಾರು ಹೇಳಬೇಕು. ಇನ್ನೊಮ್ಮೆ ಆಪರೇಷನ್ ಮಾಡಿ ಒಳಗಿನ ಪ್ಲೇಟು ತೆಗೆಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೂ ಈ ಪರಿಹಾರವನ್ನೇ ನಂಬಿ ಕೂತಿದ್ದೇನೆ. ಬೇರೆ ದಾರಿ ಇಲ್ಲ, ಇದ್ದಿದ್ದರೆ ನಿನಗೆ ಬರೆಯುತ್ತಿರಲಿಲ್ಲ.

ಇದೆಲ್ಲ ಸಾಲದೆಂದು ಸುನೀಲ್ ಕುಮಾರನೂ ಮನೆಗೆ ಬಂದಿದ್ದ. ಅವನನ್ನು ಕಂಡೊಡನೆ ಬೈಯಬೇಕೆಂದು ಎಷ್ಟೋ ದಿನದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಹೊಸಿಲಾಚೆಯೇ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. "ಅಮ್ಮ, ನಾನ್ ಬಂದದ್ದು ಜೋರಾಗೇ, ಇಲ್ಲ ಅನ್ನಲ್ಲ. ಆದ್ರೆ ಉಳ್ಳಿ ಇತ್ತಲ್ವ? ಪೊಲೀಸ್ನೋರು ಇರ್ನಿಲ್ಲ ಅಂತ ಬರ್ದವ್ರೆ. ಸುಳ್ಳ ಅಂತರೆ ಎಲ್ಲಾರೂ, ನಮ್ಮನೇಲೂ ಅಂತರೆ. ಒಂದೊಂದ್ಸಲ ನಂಗೇ ಅನುಮಾನ ಬತ್ತದೆ, ನಾನ್ ಕಂಡಿದ್ದು ಉಳ್ಳಿಯೋ ಅಲ್ವೋ ಅಂತ. ಇತ್ತು ಅಂತ ನೀವೊಬ್ರು ಏಳ್ಬುಡಿ" ಎಂದ. ಬೈಗುಳವೆಲ್ಲ ಮರೆತು ಅವನಿಗೆ ಮಜ್ಜಿಗೆ ಕೊಟ್ಟೆ. ನನ್ನ ಕಾಲು ಮುರಿದವನಿಗೆ ಮಜ್ಜಿಗೆ, ಎತ್ತಿಕೊಂಡು ಹೋದವರ ಮೇಲೆ ಸಾಕ್ಷಿ. ಇದು ಯಾವ ನ್ಯಾಯವೋ ನನಗೆ ತಿಳಿಯದು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿದೆ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಅವನಿಗೆ ಅನುಮಾನ ಬಂದರೆ ಬರಲಿ, ನನಗೆ ಬರಬಾರದಿತ್ತು. ಬಂದಿದೆ. ಹುರುಳಿ ಇತ್ತೋ ಇಲ್ಲವೋ ಎಂದಲ್ಲ. ಪೊಲೀಸರು ಬರುವಷ್ಟರಲ್ಲಿ ಅದು ಎಲ್ಲಿ ಹೋಯಿತು ಎಂದು. ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತಿದ್ದೇನೆ. ನಾನು ಮಣ್ಣಿನ ಮೇಲೆ ಬಿದ್ದಿದ್ದೆ, ಕೆನ್ನೆ ನೆಲಕ್ಕೆ ತಾಗಿತ್ತು. ರಸ್ತೆಯೆಲ್ಲ ಅಡ್ಡಡ್ಡ ಕಾಣುತ್ತಿತ್ತು. ಯಾರೋ, "ಪೊಲೀಸ್ನೋರು ಬರಕ್ ಮುಂಚೆ ಎಳ್ದಾಕ್ಬುಡಿ" ಎಂದು ಕೂಗಿದರು. ನೀನು ಹಸಿರು ನೈಟಿಯ ಮೇಲೆ ಟವೆಲು ಹೊದ್ದುಕೊಂಡು ಕವೆಗೋಲಿನಲ್ಲಿ ಹುರುಳಿಯನ್ನು ಬೇಲಿಯ ಕಡೆಗೆ ಎಳೆಯುತ್ತಿದ್ದೆ. ಸರಸರ ಎಳೆಯುತ್ತಿದ್ದೆ. ನಾನು ಕೂಗಿದೆನೋ, ಕೂಗಿದೆ ಎಂದುಕೊಂಡೆನೋ ಗೊತ್ತಿಲ್ಲ. ನೀನು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ನೀನೇ ಹೇಳಿದೆ, "ನಾನೇ ಅಲ್ವೇನವ್ವ ಮೊದ್ಲು ಓಡಿ ಬಂದಿದ್ದು? ತಲೆ ತೊಡೆ ಮ್ಯಾಲಿಟ್ಕಂಡು ನೀರು ಕುಡಿಸ್ನಲ್ಲ" ಎಂದು. ನೀರು ಕುಡಿದ ನೆನಪು ನನಗಿಲ್ಲ. ನೋವಿನಲ್ಲಿ ಹಿಂದಿನದು ಮುಂದೆ, ಮುಂದಿನದು ಹಿಂದೆ ಕಾಣುತ್ತದೆ ಎಂದು ಡಾಕ್ಟರು ಹೇಳಿದರು. ನಿನ್ನಪ್ಪ ಅದು ಮಂಪರು ಎನ್ನುತ್ತಾರೆ. ಮೊದಲು ನನಗೆ ನೀರು ಕುಡಿಸಿ ಆಮೇಲೆ ಹುರುಳಿ ಎಳೆದೆಯೋ, ಹುರುಳಿ ಎಳೆದು ಆಮೇಲೆ ನನ್ನ ಹತ್ತಿರ ಬಂದೆಯೋ? ಇದನ್ನು ಯಾವ ವಕೀಲರೂ ಕೇಳುವುದಿಲ್ಲ ರಂಜು. ಬಟ್ಟೆ ಕತ್ತರಿಸುವಾಗ, ಹಲ್ಲುಜ್ಜುವಾಗ, ಸಾರಿಗೆ ಉಪ್ಪು ಹಾಕುವಾಗ ನಾನೇ ಕೇಳಿಕೊಳ್ಳುತ್ತೇನೆ. ಹಾಗಾಗಿಯೇ ಸಾರು ಉಪ್ಪಾಗುತ್ತಿದೆ ಎಂದು ನಿನ್ನಪ್ಪನಿಗೆ ಹೇಳಲು ಆಗುತ್ತದೆಯೇ?

ನಿನ್ನ ಮೇಲೆ ಕೋಪವಿಲ್ಲ. ಇದೆ, ಆದರೆ ನೀನು ಅಂದುಕೊಂಡಷ್ಟಿಲ್ಲ. ಕೊಟ್ಟ ಮನೆಯಲ್ಲಿ ಮಾವ ಕೂಗಿದರೆ ಸೊಸೆ ಕೈ ಆಡಿಸಲೇಬೇಕು, ನಾನೂ ಸೊಸೆಯಾಗಿದ್ದವಳು. ಈಗ ನಾನು ಕೋರ್ಟಿನಲ್ಲಿ ಹುರುಳಿ ಎಂದರೆ, ಯಾರು ಬಳಿದು ಹಾಕಿದರು ಎಂದೂ ಕೇಳಬಹುದು. ಆಗ ನಿನ್ನ ಹೆಸರು ಹೇಳಲೇ? ಹುರುಳಿ ಇರಲಿಲ್ಲ ಎಂದರೆ ಆ ಹುಡುಗ ಸುಳ್ಳನಾಗುತ್ತಾನೆ, ನನ್ನ ಕಾಲು ಹೀಗೇ ಉಳಿಯುತ್ತದೆ. ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ. ಬರೆಯಲು ಆಗದಿದ್ದರೆ ನಿನ್ನಪ್ಪನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸು. ಬ್ಲೌಸು ಸರಿಯಾಗಿದೆ ಎಂದರೆ ನಿಜ ಹೇಳು ಎಂದು ತಿಳಿಯುತ್ತೇನೆ, ಬಿಗಿಯಾಗಿದೆ ಎಂದರೆ ಸುಮ್ಮನಿರು ಎಂದು.

ಅಳಿಯ ಗಿರೀಶನಿಗೆ ನನ್ನ ಆಶೀರ್ವಾದ ಹೇಳು. ನಿಮ್ಮತ್ತೆಯ ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು, ನಾನು ಹೇಳಿದೆ ಎನ್ನಬೇಡ.

ನಿನ್ನ ದಾರಿ ನೋಡುತ್ತಿರುವ ಅವ್ವ,
ಸುಧಾಮಣಿ

ತಾ.ಕ. ಇವತ್ತು ಬುಧವಾರ, ಸಂಜೆ ಬರೆಯುತ್ತಿದ್ದೇನೆ. ಈ ಕಾಗದ ಇಷ್ಟು ದಿನವೂ ನನ್ನ ದಿಂಬಿನ ಕೆಳಗೇ ಇತ್ತು. ನಿನ್ನಪ್ಪ ಸೋಮವಾರ ಬೇಗೂರಿಗೆ ಹೊರಟಾಗ ಬ್ಲೌಸು ಕೇಳಿದರು, ಇನ್ನೂ ಹುಕ್ಕು ಹಾಕಿಲ್ಲ ಎಂದೆ. ನೀನು ಸರಿಯಾಗಿದೆ ಎಂದರೂ ಭಯ, ಬಿಗಿಯಾಗಿದೆ ಎಂದರೂ ಭಯ. ಕೋರ್ಟಿನಲ್ಲಿ ಕೇಳಿದರು. ರಸ್ತೆಯ ಮೇಲೆ ಏನೂ ಇರಲಿಲ್ಲ ಎಂದೆ. ಹಾಗಾದರೆ ನೀವೇ ಅಡ್ಡ ಬಂದಿರಬೇಕು ಎಂದರು, ಇರಬಹುದು ಎಂದೆ. ಸುನೀಲ್ ಕುಮಾರ್ ಹಿಂದಿನ ಬೆಂಚಿನಲ್ಲಿದ್ದ, ಅವನ ಕಡೆ ನೋಡಲು ನನ್ನಿಂದ ಆಗಲಿಲ್ಲ. ಶಿವಶಂಕರ ಅವರು ಫೈಲು ಕಟ್ಟಿಕೊಂಡು ನನ್ನನ್ನು ದಾಟಿ ಹೊರಟುಹೋದರು. ಇನ್ನು ಪರಿಹಾರದ ಆಸೆ ಇಟ್ಟುಕೊಳ್ಳಬೇಡ ಎಂದು ಅದರಲ್ಲೇ ಅರ್ಥವಾಯಿತು. ತಿಳಿದು ಹೇಳಿದೆನೋ, ಬಾಯಿಗೆ ಬಂದದ್ದು ಹೇಳಿದೆನೋ, ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದರೂ ತಿಳಿಯಲಿಲ್ಲ. ಹುರುಳಿಯೇ ಇರಲಿಲ್ಲ ಎಂದ ಮೇಲೆ ನೀನು ಅದನ್ನು ಎಳೆದದ್ದೂ ಇಲ್ಲ ಮಗಳೇ. ನಾನು ಬಿದ್ದೊಡನೆ ನೀನು ಓಡಿ ಬಂದದ್ದು ನನ್ನ ಹತ್ತಿರಕ್ಕೇ. ಯಾರು ಕೇಳಿದರೂ ಹಾಗೇ ಹೇಳು. ನಾನು ಕೇಳಿದರೂ.