ಆರನೆಯ ಲೋಟದ ಹೊಗೆ

ಕೊಳಾಲದಲ್ಲಿ ವಿಭೂತಿ ಮಾಡುವ ನಂದೀಶ್ವರಯ್ಯನವರಿಗೆ ಮಗಳ ಶರಣು.

ಅಪ್ಪಾಜಿ,

ನಾನು ಡಿಸ್ಟಿಲರಿ ಕೆಲಸಕ್ಕೆ ಸೇರಿದಾಗಿನಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನೆ ನಮಗೆಲ್ಲ ಪರೀಕ್ಷೆ ಇತ್ತು. ಚೀಟಿಯಿಲ್ಲದ ಎಂಟು ನೀಲಿ ಲೋಟಗಳಲ್ಲಿ ವಿಸ್ಕಿ. ಒಂದು ಮಾತ್ರ ಪೀಟೆಡ್ ಸಿಂಗಲ್ ಮಾಲ್ಟ್, ಅಂದರೆ ಜೌಗುಮಣ್ಣಿನ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ್ದು. ಅದು ಯಾವುದೆಂದು ಗುರುತಿಸಬೇಕಿತ್ತು. ಪೀಪಾಯಿಯಲ್ಲಿ ಹಳೆಯದಾಗಿ ಅದರ ಹೊಗೆ ಬಹುತೇಕ ಆರಿಹೋಗಿತ್ತು. ಇಪ್ಪತ್ತು ವರ್ಷ ಅನುಭವ ಇದ್ದವರೂ ತಪ್ಪು ಲೋಟ ತೋರಿಸಿದರು.

ನಾನು ನಾಲಿಗೆಗೆ ತಾಗಿಸಲೂ ಇಲ್ಲ. ಸುಟ್ಟ ವಿಭೂತಿ ಉಂಡೆಯನ್ನು ನನ್ನ ಮೂಗಿಗೆ ಹಿಡಿದು, "ಮೂಸ್ನೋಡು ಕಣಮ್ಮ, ಒಂಚೂರು ಹೊಗೆ ಉಳ್ಕಂಡಿದ್ರೂ ಒಳ್ಗೆ ಬೆಂದಿಲ್ಲ ಅಂತ" ಎನ್ನುತ್ತಿದ್ದಿರಲ್ಲ, ಹಾಗೇ ಮೂಸಿದೆ. ಆರನೆಯದು ಬೆಂದಿರಲಿಲ್ಲ.

ಇನ್ನು ಮುಂದೆ ನಾನು ಮೂಸಿ ಒಪ್ಪದೆ ಒಂದು ಪೀಪಾಯಿಯೂ ಇಲ್ಲಿಂದ ಹೊರಗೆ ಹೋಗುವುದಿಲ್ಲ.

ನನ್ನ ಹತ್ತಿರ ವಿಭೂತಿ ಮುಗಿದಿದೆ, ಎರಡು ಗಟ್ಟಿ ಕಳಿಸಿ. ಪರೀಕ್ಷೆ ಗೆದ್ದ ಪ್ರಮಾಣಪತ್ರಕ್ಕೆ ಗುರುವಿನ ಹೆಸರು ಕೇಳಿದರು, ನಿಮ್ಮದನ್ನೇ ಬರೆಸಿದ್ದೇನೆ. ಬೇಡವೆನ್ನಿಸಿದರೆ ತೆಗೆಸುತ್ತೇನೆ. ಆದರೆ ಅದನ್ನು ನೀವೇ ಫೋನ್ ಮಾಡಿ ಹೇಳಬೇಕು.

ನಿಮ್ಮದೇ ಮೂಗು ಹೊತ್ತ,
ಭ್ರಮರಾಂಬ