ಕೆಳಗಿನ ಮೆಟ್ಟಿಲಿನ ತಕರಾರು

ಬೆಳಗಾವಿ, ಕೋಟೆಕೆರೆ ಮೈದಾನದ ಹಿಂದಿನ ಓಣಿ
ಶಾಲಿವಾಹನ ಶಕೆ ೨೧೪೦, ಹದಿಮೂರನೇ ತಿಂಗಳು, ಕೊನೆಯ ಪಂದ್ಯದ ಹಿಂದಿನ ದಿನ

ಕೋಟೆಕೆರೆ ಮೈದಾನದ ಮೆಟ್ಟಿಲ ಮೇಲೆ ಕೂತು ಆಟ ನೋಡುವ, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರಾಗಿರಬಹುದಾದ ಹಿರಿಯರಿಗೆ, ಫಕೀರವ್ವ ಹಂಚಿನಾಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ಇದು ನಿಮ್ಮ ಅಧಿಕಮಾಸವಲ್ಲ. ಬೇಸಗೆ ತನ್ನ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ, ನಮ್ಮ ಅಜ್ಜಿಯರ ಕಾಲದಲ್ಲಿ, ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಹೊಸ ತಿಂಗಳೊಂದನ್ನು ಮಾಡಿದರು. ಅದರ ಹೆಸರು ಕದಮುಚ್ಚು. ಈ ತಿಂಗಳಲ್ಲಿ ಸೂರ್ಯ ಮೇಲೇರಿದ ಮೇಲೆ ಯಾರೂ ಬಾಗಿಲು ತೆರೆಯುವುದಿಲ್ಲ. ಫುಟ್ಬಾಲ್ ಆಡುವುದಿದ್ದರೆ ಬೆಳಕು ಹರಿಯುವಾಗಲೇ ಆಡಿ ಮುಗಿಸಬೇಕು. ದುಡ್ಡಿರುವ ಕ್ಲಬ್ಬುಗಳು ತಂಪು ತಿಂಗಳುಗಳನ್ನೆಲ್ಲ ಮೊದಲೇ ಹಿಡಿದುಕೊಂಡು ಕೂತಿವೆ. ನಮ್ಮಂಥವರಿಗೆ ಉಳಿದದ್ದು ಕದಮುಚ್ಚು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಎಷ್ಟೋ ಮಾತುಗಳೂ ನಮಗೆ ಹಾಗೆಯೇ ಕೇಳಿಸುತ್ತವೆ.

ಈ ಪತ್ರವನ್ನು ಹಿಂದಂಚೆಗೆ ಹಾಕುತ್ತೇನೆ. ನಮ್ಮ ಅಂಚೆ ಕಚೇರಿಯ ಗೋಡೆಯಲ್ಲಿ, ನಿಮ್ಮಂಥ ಹಿಂದಿನ ಕಾಲದವರಿಗೆಂದೇ ಒಂದು ಕಿಂಡಿ ಇದೆ. ಹಾಕಿದ್ದು ನಿಜವಾಗಿ ನಿಮ್ಮನ್ನು ತಲುಪುತ್ತದೆಯೋ, ಗೋಡೆಯೊಳಗೇ ಬೀಳುತ್ತದೆಯೋ ಅಲ್ಲಿಯ ಗುಮಾಸ್ತರಿಗೂ ತಿಳಿಯದು. ಉತ್ತರ ಬಂದದ್ದಂತೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾನು ಕೇಳಬೇಕಾದದ್ದನ್ನು ಕೊಡಬಲ್ಲವರು ಈಗ ಈ ಊರಿನಲ್ಲಿ ಯಾರೂ ಉಳಿದಿಲ್ಲ.

ನಾನು ಕೋಟೆಕೆರೆ ಯುನೈಟೆಡ್‌ನ ಅಭಿಮಾನಿ. ನಿಮ್ಮ ಕಾಲದಲ್ಲಿ ಕ್ಲಬ್ಬಿಗೆ ಬೇರೆ ಹೆಸರಿತ್ತೇನೋ ಗೊತ್ತಿಲ್ಲ. ಈ ವರ್ಷದ ಫಲಿತಾಂಶ ಹೇಳಲು ನಾಲಿಗೆ ಏಳುವುದಿಲ್ಲ. ಖಾನಾಪುರದವರ ಎದುರು ಸೋತೆವು. ನಿಪ್ಪಾಣಿಯವರ ಎದುರು ಸಮ ಮಾಡಿಕೊಂಡೆವು, ಅದೂ ಅವರ ಆಟಗಾರನೇ ತನ್ನ ಗೋಲಿಗೆ ಚೆಂಡು ಹೊಡೆದುಕೊಂಡದ್ದರಿಂದ. ಗೋಕಾಕದವರು ಬಂದು ನಮ್ಮನ್ನು ಹಿಟ್ಟು ಮಾಡಿ ಹೋದರು. ನಮ್ಮ ಎಡಗಡೆಯ ರಕ್ಷಣೆ ಬಾಗಿಲಿಲ್ಲದ ಮನೆಯ ಹಾಗಿದೆ. ಇದ್ದುದರಲ್ಲಿ ಗೋಲ್‌ಕೀಪರ್ ನೀಲಗಂಗಾ ಒಬ್ಬಳೇ ಆಟ ಬಲ್ಲವಳು. ನಮ್ಮ ಕಾಲದ ತಂಡಗಳಲ್ಲಿ ಹೆಣ್ಣುಗಂಡು ಬೆರೆತೇ ಆಡುತ್ತಾರೆ, ನಿಮಗೆ ಆಶ್ಚರ್ಯವಾದರೆ ಆಗಲಿ. ಅವಳು ಒಂದು ಚೆಂಡು ಹಿಡಿದಾಗ ಇಡೀ ಮೈದಾನದಲ್ಲಿ ಕೇಳಿಸುವ ಚಪ್ಪಾಳೆ ನನ್ನದೊಂದೇ. ಅವಳು ಪ್ರತಿ ಸಲವೂ ತಿರುಗಿ ನೋಡುತ್ತಾಳೆ. ಒಂಟಿ ಚಪ್ಪಾಳೆ ಹೊಡೆಯುವುದು ಎಷ್ಟು ಮುಜುಗರದ ಕೆಲಸವೆಂದು ನಿಮಗೆ ಹೇಗೆ ಹೇಳಲಿ.

ಮಂದಿ ಆಟ ನೋಡುವುದಿಲ್ಲ ಎಂದಲ್ಲ. ಎಲ್ಲರೂ ನೋಡುತ್ತಾರೆ, ತಂತಮ್ಮ ಮನೆಯಲ್ಲಿ. ಪಡಸಾಲೆಯಲ್ಲಿಯೇ ಇಡೀ ಮೈದಾನ ಮೂಡಿಬರುವ ವ್ಯವಸ್ಥೆ ಇದೆ, ಆಟಗಾರರು ಸೋಫಾದ ಪಕ್ಕದಲ್ಲೇ ಓಡಿ ಹೋಗುತ್ತಾರೆ. ಜೊತೆಗೆ ಮಾತಾಡಲು ಪ್ರತಿ ಮನೆಯಲ್ಲೂ ಒಂದು ಹೂಂಗುಟ್ಟಿ ಇರುತ್ತದೆ. ಅದೊಂದು ಪುಟ್ಟ ಪೆಟ್ಟಿಗೆಯೊಳಗಿನ ದನಿ. ನೀವು ಕೋಚ್‌ಗೆ ಬೈದರೆ ಅದೂ ಬೈಯುತ್ತದೆ, ಹೊಗಳಿದರೆ ಹೊಗಳುತ್ತದೆ, ನಿಮಗೆ ನೆನಪಿಲ್ಲದ ಹಳೆಯ ಪಂದ್ಯಗಳನ್ನು ತೆಗೆದು ನೀವು ಹೇಳಿದ್ದೇ ಸರಿ ಎಂದು ತೋರಿಸಿಕೊಡುತ್ತದೆ. ಎರಡು ತಲೆಮಾರು ಹೀಗೆಯೇ ಬೆಳೆದು ಬಂದಿದೆ. ನಮ್ಮ ಓಣಿಯಲ್ಲಿ ಈಗ ಯಾರೂ ಜಗಳಾಡುವುದಿಲ್ಲ. ನಾನು ಏನೇ ಅಂದರೂ ಎದುರಿನವರು ನಕ್ಕು, ತಲೆಯಾಡಿಸಿ, ಒಳಗೆ ಹೋಗಿಬಿಡುತ್ತಾರೆ. ಒಬ್ಬರ ಮಾತಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಅಸಭ್ಯವಾಗಿದೆ.

ಆದರೆ ಕ್ಲಬ್ಬಿನ ಪದ್ಧತಿ ಅದಕ್ಕಿಂತ ಹಳೆಯದು. ಮೈದಾನದ ಒಂದು ಬದಿಗೆ ಕಲ್ಲಿನ ಮೆಟ್ಟಿಲುಗಳಿವೆ. ನಿಮ್ಮ ಕಾಲದಲ್ಲೂ ಇದ್ದವು, ಕಲ್ಲು ನೋಡಿದರೇ ತಿಳಿಯುತ್ತದೆ. ಪಂದ್ಯ ಮುಗಿದ ಮೇಲೆ ಮೇಲಿನ ಮೆಟ್ಟಿಲಿನಲ್ಲಿ ಕೂತವರು ಒಂದು ಮಾತು ಎತ್ತುತ್ತಾರೆ. ಕೆಳಗಿನ ಮೆಟ್ಟಿಲಿನಲ್ಲಿ ಕೂತವರು ಅದಕ್ಕೆ ತಕರಾರು ತೆಗೆಯಬೇಕು. ಮನಸ್ಸಿನಲ್ಲಿ ಒಪ್ಪಿಗೆ ಇದ್ದರೂ ತೆಗೆಯಬೇಕು, ಅದೂ ಕಾಟಾಚಾರಕ್ಕಲ್ಲ. ಕೊನೆಗೆ ಮನಸ್ಸು ಒಪ್ಪಿದಾಗ ಕೆಳಗಿನವರು ಎದ್ದು, ಮೇಲೆ ಹತ್ತಿ, ಮೇಲಿನವರ ಪಕ್ಕದಲ್ಲಿ ಕೂಡುತ್ತಾರೆ. ತಕರಾರಿಗೆ ಮೇಲಿನವರೇ ಒಪ್ಪಿದರೆ ಅವರು ಕೆಳಗಿಳಿದು ಕೂಡುತ್ತಾರೆ. ಆಗಲೇ ಅದು ಕ್ಲಬ್ಬಿನ ತೀರ್ಮಾನ. ಒಬ್ಬರೇ ಕೂತು ಆಡಿದ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಾನು ಮೇಲೆ ಕೂಡುತ್ತಿದ್ದೆ. ಕೆಳಗೆ ಕೂಡುತ್ತಿದ್ದವನು ದಾವಲಸಾಬ ಬಾಗವಾನ, ನನ್ನ ಪಾಲಿಗೆ ದಾವಲಣ್ಣ. ಮೊದಲು ಮೆಟ್ಟಿಲುಗಳ ತುಂಬ ಮಂದಿ ಇರುತ್ತಿದ್ದರು. ಒಬ್ಬೊಬ್ಬರಾಗಿ ಮನೆ ಸೇರಿ ಕೊನೆಗೆ ನಾವಿಬ್ಬರು ಉಳಿದೆವು. ನಾನು ಹೊಸ ಕೋಚ್ ಚೆನ್ನಾಗಿದ್ದಾರೆ ಅಂದರೆ ಸಾಕು, ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಶುರು ಮಾಡುತ್ತಿದ್ದ. "ಏನ್ ಚೊಲೊ ಅದಾನ ತಂಗಿ ಅಂವ? ಚೆಂಡು ದುಂಡಗ ಐತಿ ಅನ್ನೂದರ ಗೊತ್ತೈತೇನ ಅವಗ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಅವನಿಗೆ ಕೊಡಬೇಕಾದ ಉತ್ತರಗಳೇ ತಲೆಯಲ್ಲಿ ಓಡುತ್ತಿದ್ದವು. ಈಗ ಅಡುಗೆ ಮಾಡುವಾಗ ತಲೆಯಲ್ಲಿ ಏನೂ ಓಡುವುದಿಲ್ಲ.

ಹಿಂದೊಮ್ಮೆ ಕ್ಲಬ್ಬಿಗೆ ಹಣ ಹೂಡಲು ಧಾರವಾಡದ ಕಡೆಯ ಒಬ್ಬರು ಮುಂದೆ ಬಂದಿದ್ದರು. ಬಿಳಿ ಕೊಡೆ ಹಿಡಿದು, ನಮ್ಮ ತೀರ್ಮಾನ ಕೇಳಲು ಮೈದಾನಕ್ಕೇ ಬಂದು ನಿಂತರು. ನಾನು ಹಣ ಬೇಕು ಅಂದೆ, ದಾವಲಣ್ಣ ಬೇಡ ಅಂದ. ನಮ್ಮ ಜನ್ಮದಲ್ಲಿ ಅಷ್ಟು ಚೆನ್ನಾಗಿ ಎಂದೂ ವಾದ ಮಾಡಿರಲಿಲ್ಲ. ಹಣ ಕೊಟ್ಟವರು ನಾಳೆ ತಂಡದ ಬಣ್ಣವನ್ನೂ ಕೇಳುತ್ತಾರೆ ಎಂದು ಅವನು ಅಂದದ್ದು ನನಗೆ ನಾಟಿತು. ಹಸಿದ ಹೊಟ್ಟೆಯಲ್ಲಿ ಆಡುವವರಿಗೆ ಬಣ್ಣ ಏನು ಮಾಡುತ್ತದೆ ಎಂದು ನಾನು ಅಂದದ್ದು ಅವನಿಗೆ ನಾಟಿತು. ಅವನ ಮಾತಿಗೆ ಒಪ್ಪಿ ನಾನು ಎದ್ದು ಕೆಳಗಿಳಿದೆ. ಅದೇ ಗಳಿಗೆಯಲ್ಲಿ ನನ್ನ ಮಾತಿಗೆ ಒಪ್ಪಿ ಅವನು ಮೇಲೆ ಹತ್ತಿದ. ಈಗ ಅವನು ಮೇಲೆ, ನಾನು ಕೆಳಗೆ. ಪದ್ಧತಿ ಪ್ರಕಾರ ಅವನು ಹಣ ಬೇಕು ಅನ್ನಬೇಕು, ನಾನು ತಕರಾರು ತೆಗೆಯಬೇಕು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಬಿಸಿಲೇರಿತು. ಕೊಡೆಯವರು ಸ್ವಲ್ಪ ಹೊತ್ತು ನಮ್ಮಿಬ್ಬರ ಮುಖ ನೋಡಿ ಹೊರಟೇಹೋದರು, ಮತ್ತೆ ಬರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತಾಗ ದಾವಲಣ್ಣ ಟೋಪಿ ಹಾಕಿಕೊಳ್ಳುತ್ತ, "ಹೋಗ್ಲಿ ಬಿಡು ತಂಗಿ, ಚರ್ಚಾ ಮಾತ್ರ ಭಾಳ ಚೊಲೊ ಆತು" ಅಂದ.

ಕಳೆದ ಮಳೆಗಾಲದಲ್ಲಿ ಅವನು ತೀರಿಕೊಂಡ. ಮಣ್ಣಿಗೆ ಹೋದಾಗ ಅವನ ಮಗಳು ಶಮೀಮಾ ನನ್ನ ಕೈ ಹಿಡಿದುಕೊಂಡು, "ಕಾಕೂ, ಅಬ್ಬಾ ಮನಿಗೆ ಬಂದು ನಿಮ್ಮ ಮಾತ ಹೇಳತಿದ್ದರು. ಫಕೀರವ್ವ ಅಂದದ್ದು ಖರೇ ಐತಿ, ಆದರ ನಾನೂ ಹೂಂ ಅಂದರ ಆಕಿ ಯಾರ ಕೂಡ ಮಾತಾಡಬೇಕು ಅಂತಿದ್ದರು" ಅಂದಳು. ಅಲ್ಲಿ ಅಷ್ಟು ಜನರ ನಡುವೆ ನಾನು ಬಾಯಿಬಿಟ್ಟು ಅತ್ತೆ. ಅವನು ಹೋದದ್ದಕ್ಕೆ ಎಷ್ಟೋ, ಇಷ್ಟು ವರ್ಷ ಅವನು ಸುಳ್ಳುಸುಳ್ಳೇ ಬೈದನಲ್ಲ ಎಂಬ ಸಿಟ್ಟಿಗೂ ಅಷ್ಟೇ.

ಈಗ ಮತ್ತೆ ಹಣ ಹೂಡುವವರು ಬಂದಿದ್ದಾರೆ. ಕಡಲ ಕಡೆಯ ಒಂದು ಕೂಟ. ಮೈದಾನಕ್ಕೆ ನೆರಳು ಹಾಕಿಸುತ್ತಾರಂತೆ, ಆಟಗಾರರಿಗೆ ಊಟ ಸಂಬಳ ಸರಿಯಾಗಿ ಕೊಡುತ್ತಾರಂತೆ, ತಂಪು ತಿಂಗಳ ಪಂದ್ಯಗಳನ್ನೂ ಕೊಡಿಸುತ್ತಾರಂತೆ. ಬದಲಿಗೆ ಕಲ್ಲಿನ ಮೆಟ್ಟಿಲುಗಳನ್ನು ಕೀಳುತ್ತಾರೆ. ಅಲ್ಲಿ ಯಾರೂ ಕೂಡುವುದಿಲ್ಲವಲ್ಲ ಎಂದು ಅವರ ಲೆಕ್ಕ. ಆ ಜಾಗದಲ್ಲಿ ಒಂಟಿ ಕೋಣೆಗಳು, ಕೋಣೆಗೊಂದು ಹೂಂಗುಟ್ಟಿ. ನಾಳೆ ಪಂದ್ಯ ಮುಗಿದು ಬಿಸಿಲೇರುವುದರೊಳಗೆ ಕ್ಲಬ್ಬಿನ ಉತ್ತರ ಬೇಕಂತೆ. ಉತ್ತರ ಹೋಗದಿದ್ದರೆ ಅವರು ಹಿಂದೆ ಸರಿಯುತ್ತಾರೆ, ಕ್ಲಬ್ಬು ಮುಚ್ಚುತ್ತದೆ.

ನನ್ನ ಮನಸ್ಸು ಒಪ್ಪಿಕೊ ಎನ್ನುತ್ತದೆ. ಮೆಟ್ಟಿಲು ಹೋದರೂ ತಂಡ ಉಳಿಯಲಿ. ನೀಲಗಂಗಾ ಬರಿಗೈಗೆ ಬಟ್ಟೆ ಸುತ್ತಿಕೊಂಡು ಚೆಂಡು ಹಿಡಿಯುವುದನ್ನು ಇನ್ನೊಂದು ವರ್ಷ ನೋಡಲಾರೆ. ಆದರೆ ಒಬ್ಬಳೇ ಒಪ್ಪಿದರೆ ಅದು ತೀರ್ಮಾನವಲ್ಲ. ಅದು ಪದ್ಧತಿಯ ಮಾತು. ನನ್ನ ಕಷ್ಟ ಅದಕ್ಕಿಂತ ದೊಡ್ಡದು. ಎದುರಿಗೆ ಬೇಡ ಅನ್ನುವವರಿಲ್ಲದೆ, ನನಗೆ ಬೇಕೋ ಬೇಡವೋ ಎಂದು ನನಗೇ ತಿಳಿಯದಾಗಿದೆ.

ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿದೆ. ಎಲ್ಲರೂ ನಕ್ಕು, ನೀವು ಅಂದದ್ದೇ ಸರಿ ಅಂದರು. ನಮ್ಮ ಮನೆಯ ಹೂಂಗುಟ್ಟಿಗೆ ಧೂಳು ಒರೆಸಿ, ನನ್ನ ಮಾತಿಗೆ ತಕರಾರು ತೆಗೆ ಎಂದು ಹೇಳಿದೆ. ತಕರಾರು ಬೇಕೆಂದು ಕೇಳಿದ ನನ್ನ ವಿವೇಕವನ್ನು ಅದು ಬಹಳ ಹೊತ್ತು ಹೊಗಳಿತು. ಕೊನೆಗೆ ನಾನೇ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತು, ದಾವಲಣ್ಣ ಇದ್ದಿದ್ದರೆ ಏನೆನ್ನುತ್ತಿದ್ದ ಎಂದು ಯೋಚಿಸಿದೆ. ನನಗೆ ಹೊಳೆದದ್ದೆಲ್ಲ ನಾನು ಸುಲಭವಾಗಿ ಉತ್ತರ ಕೊಡಬಲ್ಲ ಮಾತುಗಳೇ. ಅವನು ಎಂದೂ ಅಂಥ ಮಾತು ಆಡಿದವನಲ್ಲ.

ಅದಕ್ಕೇ ನಿಮಗೆ ಬರೆದೆ. ನಿಮ್ಮ ಕಾಲದಲ್ಲಿ ಚಹಾದ ಅಂಗಡಿಯ ಮುಂದೆ ಪ್ರತಿಯೊಬ್ಬನೂ ಕೋಚ್ ಆಗಿರುತ್ತಿದ್ದನಂತೆ. ಸೋತ ದಿನ ಅಣ್ಣತಮ್ಮಂದಿರು ಮಾತು ಬಿಡುತ್ತಿದ್ದರಂತೆ. ಎಂಥ ಪುಣ್ಯವಂತರು ನೀವು! ನನಗೆ ಒಂದು ಉಪಕಾರ ಮಾಡಿ. ಕೆಳಗಿನ ಮೆಟ್ಟಿಲಿನ ಬಲತುದಿಯಲ್ಲಿ, ಚೂಪಾದ ಕಲ್ಲಿನಿಂದಲೋ ಮೊಳೆಯಿಂದಲೋ, ಒಂದು ತಕರಾರು ಕೆತ್ತಿ ಹೋಗಿ. ಕಾಗದಕ್ಕೆ ಉತ್ತರ ಬರದಿದ್ದರೂ ಕಲ್ಲಿನ ಮೇಲೆ ಬರಬಹುದು. ದಾವಲಣ್ಣ ಕೂಡುತ್ತಿದ್ದ ಆ ಜಾಗವನ್ನು ನಾನು ಅವನು ಹೋದಾಗಿನಿಂದ ಗುಡಿಸಿಲ್ಲ. ಧೂಳು ದಪ್ಪಗೆ ಕೂತಿದೆ. ಕೆಳಗೆ ಏನಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೆಟ್ಟಿಲು ಕಿತ್ತ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಪಂದ್ಯ ಮುಗಿದ ಕೂಡಲೇ ಒರೆಸಿ ನೋಡುತ್ತೇನೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಕುಡಿಯಲು ನೀರು ತರಲು ಎದ್ದವಳಿಗೆ ಇನ್ನೊಂದು ಯೋಚನೆ ಬಂತು. ನಮ್ಮ ಮಂದಿಗೆ ಬರದಿರುವುದು ಬೇಡ ಅನ್ನುವುದು ಮಾತ್ರ. ಬೇಕು ಅನ್ನಲು ಎಲ್ಲರಿಗೂ ಬರುತ್ತದೆ. ನೀಲಗಂಗಾಳಿಗಂತೂ ಖಂಡಿತ ಬರುತ್ತದೆ, ಆಡುವುದು ಅವಳಿಗೆ ಬೇಕು. ಧೂಳಿನ ಕೆಳಗೆ ಏನೂ ಇರದಿದ್ದರೆ ಅವಳನ್ನು ಕರೆದು ಮೇಲಿನ ಮೆಟ್ಟಿಲಲ್ಲಿ, ನನ್ನ ಜಾಗದಲ್ಲಿ, ಕೂಡಿಸುತ್ತೇನೆ. ಕೆಳಗೆ ನಾನು ಕೂಡುತ್ತೇನೆ. ನನಗೆ ಇಷ್ಟವಾದದ್ದನ್ನೇ ನಾನು ಬೇಡ ಎನ್ನಬೇಕು, ಮೋಸವಿಲ್ಲದೆ, ಪೂರ್ತಿ ದನಿಯಲ್ಲಿ. ಅವಳು ಸಿಟ್ಟಾಗಬಹುದು, ಅಳಬಹುದು, ಈ ಮುದುಕಿಗೆ ನಾನೇನು ಮಾಡಿದ್ದೆ ಎಂದು ಮನೆಗೆ ಹೋಗಿಯೂ ಕುದಿಯಬಹುದು. ಸುಮ್ಮನೆ ಸೋತುಕೊಟ್ಟರೆ ಅದು ತಕರಾರಾಗುವುದಿಲ್ಲ. ಅವಳು ನನ್ನನ್ನು ಗೆದ್ದೇ ಮೇಲೆ ಹತ್ತಿಸಿಕೊಳ್ಳಬೇಕು. ಗೆಲ್ಲದಿದ್ದರೆ ಕ್ಲಬ್ಬು ಮುಚ್ಚುತ್ತದೆ, ಅದಕ್ಕೆ ಕಾರಣ ನಾನಾಗಿರುತ್ತೇನೆ. ದಾವಲಣ್ಣ ಇಷ್ಟು ವರ್ಷ ಇಷ್ಟು ಕಷ್ಟದ ಜಾಗದಲ್ಲಿ ಕೂತಿದ್ದ ಎಂದು ಈಗ ಗೊತ್ತಾಗುತ್ತಿದೆ.

ಆದರೂ ನೀವು ಕೆತ್ತುವುದನ್ನು ಬಿಡಬೇಡಿ. ಅದೇ ಬಲತುದಿಯಲ್ಲಿ, ನಾನು ಬಗ್ಗಿದರೆ ಕಾಣುವಷ್ಟು ದೊಡ್ಡದಾಗಿ, ಒಂದೇ ಮಾತು ಸಾಕು: ಬ್ಯಾಡ. ಬೇಡ ಅನ್ನುವಾಗ ಕೆಳಗಿನ ಮೆಟ್ಟಿಲಲ್ಲಿ ನಾನೊಬ್ಬಳೇ ಇಲ್ಲ ಎಂದು ನನಗೆ ಗೊತ್ತಿರಬೇಕು.

ನಿಮ್ಮ ತಂಡ ಗೆಲ್ಲಲಿ. ಸೋತರೆ ಚೆನ್ನಾಗಿ ಜಗಳಾಡಿ.

ಫಕೀರವ್ವ