ಬರಿಗೈಯಲ್ಲಿ ಹಿಡಿದ ಮೀನು

ಬುಸೈತೀನ್, ಬಹ್ರೇನ್
ಮಾರ್ಚ್, ಭಾನುವಾರ

ಪ್ರೀತಿಯ ಜಯಂತಣ್ಣನಿಗೆ,

ನಾನು ನಿಮ್ಮ ಮೀನು ಹಿಡಿಯುವ ವೀಡಿಯೊಗಳ ಫ್ಯಾನ್ ನವನೀತ್. ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದೀರಲ್ಲ, ಹಾಗಾಗಿ ಎಡಗೈಯಲ್ಲಿ ಕಾಗದ ಬರೀತಿದ್ದೇನೆ.

ಶುಕ್ರವಾರ ಬೋಟಲ್ಲಿ ನನ್ನ ಗಾಳಕ್ಕೆ ಮೀನು ಸಿಕ್ಕಿದಾಗ, "ಹೊಸಬರು ಬರಿಗೈಯಲ್ಲೇ ಹಿಡೀಬೇಕು ಮಾರಾಯ, ಗಟ್ಟಿ ಹಿಡಿ" ಅಂದ್ರಿ. ಹಿಡಿದೆ. ಅದರ ಮುಳ್ಳಲ್ಲಿ ವಿಷ ಉಂಟು ಅಂತ ನಿಮಗೆ ಗೊತ್ತಿತ್ತು. ನೀವು ಹಾಕಿದ, ನಾನು ಕಿರುಚಿದ ವೀಡಿಯೊ ಸೂಪರ್ ಹಿಟ್ ಅಣ್ಣ, ಕಂಗ್ರಾಟ್ಸ್!

ಬಲಗೈ ಇನ್ನೂ ಊದಿಕೊಂಡೇ ಉಂಟು. ಅದ್ಲಿಯಾದ ಹೋಟೆಲಿನವರು ಕೆಲಸಕ್ಕೆ ಬರಬೇಡ ಅಂದ್ರು. ಅದಿರಲಿ. ನಿಮ್ಮ ವಾಟ್ಸಾಪ್ ಗ್ರೂಪಲ್ಲಿ "ತುಂಬಾ ನೋವು" ಅಂತ ಹಾಕಿದ್ದು ನನ್ನದೇ ತಪ್ಪು. ಪ್ಲೀಸ್, ಗ್ರೂಪಿಗೆ ವಾಪಸ್ ಸೇರಿಸಿ.

ಬರುವ ಶುಕ್ರವಾರಕ್ಕೆ ಬೋಟಲ್ಲಿ ನಿಮಗೆ ಇನ್ನೊಬ್ಬ ಹೊಸಬ ಬೇಕಂತೆ. ಈ ಕಾಗದ ತಂದ ಅಕ್ಷಿತ್ ನನ್ನ ರೂಮ್‌ಮೇಟ್, ಮೊನ್ನೆಯಷ್ಟೇ ಊರಿಂದ ಬಂದವನು. ಮುಳ್ಳಿನ ವಿಷಯ ಅವನಿಗೆ ಹೇಳಿಲ್ಲ.

ಯಾವಾಗಲೂ ನಿಮ್ಮವನೇ,
ನವನೀತ್